ಗುಳ್ಳೆ ಯಾವುದೆಂದು ಅದೇ ದಿನ ತಿಳಿಯಲಿ: ಮಹಾರಾಷ್ಟ್ರದ ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರ್ವಜನಿಕ ಆರೋಗ್ಯ ಸಚಿವರಿಗೆ,
ಮಂತ್ರಾಲಯ, ಮುಂಬಯಿ

ಸನ್ಮಾನ್ಯರೇ,

ನಾನು ಜೋಗೇಶ್ವರಿ ಪೂರ್ವದಲ್ಲಿ ಇಪ್ಪತ್ತಾರು ವರ್ಷಗಳಿಂದ ಕುಟುಂಬ ವೈದ್ಯನಾಗಿದ್ದೇನೆ. ನನ್ನ ದವಾಖಾನೆಗೆ ಬರುವವರಲ್ಲಿ ಹೆಚ್ಚಿನವರು ಕನ್ನಡಿಗರು: ಕುಂದಾಪುರ, ಮಲೆನಾಡು ಕಡೆಯ ಹೋಟೆಲ್ ಕಾರ್ಮಿಕರು, ಕಲಬುರಗಿ, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದವರು, ತಬೇಲಾಗಳಲ್ಲಿ ಎಮ್ಮೆ ನೋಡಿಕೊಳ್ಳುವ ಕೆಲವರು. ಎಂಪಾಕ್ಸ್ (ಮೊದಲು ಮಂಕಿಪಾಕ್ಸ್ ಎನ್ನುತ್ತಿದ್ದ ವೈರಸ್ ರೋಗ) ಇರಬಹುದೆಂಬ ಶಂಕೆಯ ರೋಗಿಗೆ ಅದೇ ದಿನ ಪರೀಕ್ಷೆಯ ಉತ್ತರ ಸಿಗಲಿ ಎಂದು ಕೋರುವುದಕ್ಕೆ ಈ ಪತ್ರ; ಅವರೂ ಓದಲೆಂದು ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮರಾಠಿ ಅನುವಾದವನ್ನು ತಮ್ಮ ಕಚೇರಿಗೆ ಕಳುಹಿಸಿದ್ದೇನೆ.

2024ರ ಸೆಪ್ಟೆಂಬರ್‌ನಲ್ಲಿ, ಎಂಪಾಕ್ಸ್‌ನ ಕ್ಲೇಡ್ 1ಬಿ ತಳಿ ದೇಶದಲ್ಲಿ ಮೊದಲ ಬಾರಿಗೆ ಕೇರಳದ ಮಲಪ್ಪುರಂನಲ್ಲಿ ಪತ್ತೆಯಾದ ಸುದ್ದಿ ಬಂದಿದ್ದ ಸಮಯದಲ್ಲೇ, ಸಾಗರ ತಾಲ್ಲೂಕಿನ ಹತ್ತೊಂಬತ್ತರ ಹುಡುಗನೊಬ್ಬ ಜ್ವರ ಮತ್ತು ನೀರುಗುಳ್ಳೆಗಳೊಂದಿಗೆ ನನ್ನಲ್ಲಿಗೆ ಬಂದ. ಹೋಟೆಲಿನ ಅಡುಗೆಮನೆಯ ಮೇಲಿನ ಒಂದೇ ಕೋಣೆಯಲ್ಲಿ ಒಂಬತ್ತು ಜನರ ಜೊತೆ ಅವನು ಮಲಗುತ್ತಿದ್ದ. ಜೊತೆಯವರಲ್ಲಿ ಕೆಲವರು ಅಮ್ಮ ಆಗಿದೆ ಎಂದರು, ಕೆಲವರು ಮೊಬೈಲಿನಲ್ಲಿ ನೋಡಿದ ಚಿತ್ರ ತೋರಿಸಿ ಮಂಕಿಪಾಕ್ಸ್ ಎಂದರು. ಅವನ ತಾಯಿ ಊರಿನಿಂದ ಫೋನ್ ಮಾಡಿ, “ಮಂಗನ ಕಾಯಿಲೆ ಅಂತಿದಾರಲ್ಲ ಡಾಕ್ಟ್ರೇ, ಹೌದಾ?” ಎಂದು ಅತ್ತರು. ಮಲೆನಾಡಿನಲ್ಲಿ ಆ ಹೆಸರಿಗೆ ಸಾವಿನ ನೆನಪು ಅಂಟಿಕೊಂಡಿದೆ. ಅದು ಉಣುಗು ಎಂಬ ರಕ್ತ ಹೀರುವ ಹುಳದಿಂದ ಹರಡುವ, ಇದಕ್ಕೆ ಏನೂ ಸಂಬಂಧವಿಲ್ಲದ ಕ್ಯಾಸನೂರು ಕಾಡಿನ ಕಾಯಿಲೆ ಎಂದು ತಿಳಿಹೇಳಲು ನನಗೆ ಅರ್ಧ ಗಂಟೆ ಬೇಕಾಯಿತು.

ಹುಡುಗನನ್ನು ಸರ್ಕಾರಿ ಆಸ್ಪತ್ರೆಯೊಂದಕ್ಕೆ ಕಳುಹಿಸಿದೆ. ಗುಳ್ಳೆಯ ದ್ರವವನ್ನು ತೆಗೆದುಕೊಂಡರು, ಪ್ರತ್ಯೇಕ ಹಾಸಿಗೆ ಕೊಟ್ಟರು, ಚೆನ್ನಾಗಿಯೇ ನೋಡಿಕೊಂಡರು. ವರದಿ ಬಂದದ್ದು ಮಾತ್ರ ಐದನೆಯ ದಿನ. ಎಂಪಾಕ್ಸ್ ಅಲ್ಲ, ಸೀತಾಳೆ ಸಿಡುಬು, ಅಂದರೆ ಇಲ್ಲಿನವರು ಕಾಂಜಿಣ್ಯಾ ಎನ್ನುವ ಚಿಕನ್‌ಪಾಕ್ಸ್. ಅಷ್ಟರಲ್ಲಿ ಹೋಟೆಲಿನವರು ಕೋಣೆ ಖಾಲಿ ಮಾಡಿಸಿದ್ದರು, ಹುಡುಗನ ಕೆಲಸ ಹೋಗಿತ್ತು, ಜೊತೆಗಿದ್ದ ಒಂಬತ್ತೂ ಜನ ಸಿಕ್ಕ ರೈಲು ಹತ್ತಿ ತಮ್ಮ ತಮ್ಮ ಊರು ಸೇರಿದ್ದರು. ನನ್ನನ್ನು ಇಂದಿಗೂ ಕಾಡುವುದು ಆ ಒಂಬತ್ತು ಜನರ ಪ್ರಯಾಣ. ಎಂಪಾಕ್ಸ್ ರೋಗಿಯ ಸಂಪರ್ಕಕ್ಕೆ ಬಂದವರನ್ನು 21 ದಿನ ಗಮನಿಸಬೇಕೆಂಬುದು ನಿಯಮ. ಅದು ನಿಜವಾಗಿಯೂ ಎಂಪಾಕ್ಸ್ ಆಗಿದ್ದರೆ, ವರದಿ ಕೈಸೇರುವ ಹೊತ್ತಿಗೆ ಗಮನಿಸಲು ಇಲ್ಲಿ ಯಾರೂ ಉಳಿದಿರುತ್ತಿರಲಿಲ್ಲ.

ಕಣ್ಣಳತೆಯಿಂದ ಇದನ್ನು ನಿರ್ಧರಿಸಲಾಗದೇ ಎಂದು ತಾವು ಕೇಳಬಹುದು. ಅಂಗೈ, ಅಂಗಾಲುಗಳಲ್ಲಿ ಗುಳ್ಳೆ, ಕುತ್ತಿಗೆಯಲ್ಲೋ ತೊಡೆಸಂದಿನಲ್ಲೋ ಗಂಟು, ಎಲ್ಲ ಗುಳ್ಳೆಗಳೂ ಒಂದೇ ಹಂತದಲ್ಲಿರುವುದು ಎಂದು ನಾವು ಓದಿದ ಲಕ್ಷಣಗಳು ಈಗಿನ ರೋಗಿಗಳಲ್ಲಿ ಎಷ್ಟೋ ಸಲ ಕಾಣಿಸುವುದೇ ಇಲ್ಲ. ಒಂದೆರಡು ಹುಣ್ಣು ಮಾತ್ರ ಇರುವವರೂ ಇದ್ದಾರೆ. ಚಿಕನ್‌ಪಾಕ್ಸ್ ಹೆಸರಿನಲ್ಲಿ ಪಾಕ್ಸ್ ಎಂದಿದ್ದರೂ ಅದರ ವೈರಸ್ ಹರ್ಪಿಸ್ ಕುಟುಂಬದ್ದು; ಆದರೂ ಗುಳ್ಳೆ ನೋಡಿದರೆ ಎರಡೂ ಒಂದರಂತೆ ಕಾಣಬಹುದು. ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು ರಕ್ತದಲ್ಲಿ ನೋಡುವ ಪರೀಕ್ಷೆಯೂ ಇಲ್ಲಿ ನಂಬಿಕೆಗೆ ಸಾಲದು, ಏಕೆಂದರೆ ಸಿಡುಬು, ಎಂಪಾಕ್ಸ್, ಹಸುಸಿಡುಬು, ಎಮ್ಮೆಸಿಡುಬುಗಳ ವೈರಸ್‌ಗಳೆಲ್ಲ ಆರ್ಥೋಪಾಕ್ಸ್ ಎಂಬ ಒಂದೇ ಗುಂಪಿಗೆ ಸೇರಿದ್ದು, ಒಂದರ ಪ್ರತಿಕಾಯ ಇನ್ನೊಂದರದ್ದರಂತೆಯೇ ತೋರುತ್ತದೆ. ಗುಳ್ಳೆಯನ್ನೇ ಸ್ವಾಬ್‌ನಿಂದ ಗಟ್ಟಿಯಾಗಿ ಉಜ್ಜಿ, ಅದರಲ್ಲಿನ ವೈರಸ್‌ನ ಡಿಎನ್‌ಎಯನ್ನು ಪಿಸಿಆರ್ ವಿಧಾನದಲ್ಲಿ, ಅಂದರೆ ಅದರ ತುಣುಕನ್ನು ಅನೇಕ ಪಟ್ಟು ಹೆಚ್ಚಿಸಿ, ಹುಡುಕುವುದೇ ಖಚಿತ ದಾರಿ.

ಈ ಪರೀಕ್ಷೆ ಈಗ ದೊಡ್ಡ ಪ್ರಯೋಗಾಲಯಕ್ಕಷ್ಟೇ ಸೀಮಿತವಲ್ಲ. ಪೆಟ್ಟಿಗೆಯಂತಹ ಯಂತ್ರಕ್ಕೆ ಮಾದರಿ ತುಂಬಿದ ಕಾರ್ಟ್ರಿಜ್ ಹಾಕಿದರೆ ಮುಕ್ಕಾಲು ಗಂಟೆಯೊಳಗೆ ಉತ್ತರ ಕೊಡುವ ಜೀನ್‌ಎಕ್ಸ್‌ಪರ್ಟ್ ವಿಧಾನದ ಎಂಪಾಕ್ಸ್ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ತುರ್ತು ಬಳಕೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಪರಿಶೀಲಿಸಿದ, ವಡೋದರಾದಲ್ಲಿ ತಯಾರಾಗುವ ಆರ್‌ಟಿಪಿಸಿಆರ್ ಕಿಟ್ ಒಂದಕ್ಕೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿಯೂ ದೊರೆಯಿತು. ಜೀನ್‌ಎಕ್ಸ್‌ಪರ್ಟ್ ಯಂತ್ರವನ್ನು ನಮ್ಮ ಕ್ಷಯರೋಗ ವಿಭಾಗಗಳು ಸಿಬಿನ್ಯಾಟ್ ಎಂಬ ಹೆಸರಿನಲ್ಲಿ ವರ್ಷಗಳಿಂದ ಬಳಸುತ್ತಿವೆ; ಬ್ಯಾಟರಿಯಿಂದ ನಡೆಯುವ, ಗೋವೆಯ ಕಂಪನಿಯೊಂದು ತಯಾರಿಸುವ, ಇಂತಹದ್ದೇ ಯಂತ್ರವಾದ ಟ್ರೂನ್ಯಾಟ್ ತಾಲ್ಲೂಕು ಮಟ್ಟಕ್ಕೂ ತಲುಪಿದೆ. 2020ರಲ್ಲಿ ಇವೆರಡನ್ನೂ ಕೋವಿಡ್ ಪರೀಕ್ಷೆಗೆ ಬಳಸಿದ್ದೆವು. ಯಂತ್ರವೂ ಇದೆ, ಅದನ್ನು ನಡೆಸಬಲ್ಲ ತಂತ್ರಜ್ಞರೂ ಇದ್ದಾರೆ.

ಆ ವರ್ಷದ ಕಹಿಯನ್ನೂ ಇಲ್ಲಿಯೇ ಹೇಳಬೇಕು. 2020ರಲ್ಲಿ ದೇಶದಲ್ಲಿ ವರದಿಯಾದ ಕ್ಷಯರೋಗಿಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಸುಮಾರು ಕಾಲು ಭಾಗ ಕುಸಿಯಿತು. ರೋಗ ಕಡಿಮೆಯಾಗಿರಲಿಲ್ಲ, ಪತ್ತೆ ಮಾಡುವುದು ಕಡಿಮೆಯಾಗಿತ್ತು. ಆದ್ದರಿಂದ ಕ್ಷಯದ ಯಂತ್ರವನ್ನು ಕಸಿದುಕೊಳ್ಳಿ ಎಂದು ನಾನು ಖಂಡಿತ ಕೇಳುತ್ತಿಲ್ಲ. ಶಂಕಿತ ಎಂಪಾಕ್ಸ್ ರೋಗಿಗಳ ಸಂಖ್ಯೆ ಚಿಕ್ಕದು. ಆಯ್ದ ಕೆಲವು ಆಸ್ಪತ್ರೆಗಳಲ್ಲಿ ಒಂದು ಯಂತ್ರದಲ್ಲಿ ಕಾರ್ಟ್ರಿಜ್ ಹಾಕುವ ಒಂದು ಸ್ಥಾನವನ್ನು ಅವರಿಗಾಗಿ ತೆರೆದಿಟ್ಟರೆ ಸಾಕು, ಕಾರ್ಟ್ರಿಜ್ ಖರ್ಚು ಮಾತ್ರ ಬೇರೆ ಲೆಕ್ಕದಿಂದ ಬರಲಿ.

ರಾಪಿಡ್ ಎಂಬ ಹೆಸರು ಕೇಳಿದೊಡನೆ ಕೋವಿಡ್ ಕಾಲದಲ್ಲಿದ್ದಂತಹ, ವೈರಸ್‌ನ ಪ್ರೋಟೀನನ್ನು ಹುಡುಕುವ ಆಂಟಿಜನ್ ಸ್ಟ್ರಿಪ್‌ಗಳನ್ನು ಎಂಪಾಕ್ಸ್‌ಗೂ ಕೊಳ್ಳುವ ಸಲಹೆ ತಮ್ಮ ಮುಂದೆ ಬರಬಹುದು. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಕಾಂಗೋದಲ್ಲಿ ಪರಿಶೀಲಿಸಿದ ಅಂತಹ ಸ್ಟ್ರಿಪ್‌ಗಳು ನಿಜವಾದ ರೋಗಿಗಳಲ್ಲಿ ಬಹುಪಾಲು ಜನರನ್ನು ಗುರುತಿಸದೆ ಬಿಟ್ಟವು. ರೋಗವಿಲ್ಲವೆಂಬ ಸುಳ್ಳು ಚೀಟಿ ಹಿಡಿದು ಹತ್ತು ಜನರ ಕೋಣೆಗೆ ಹಿಂತಿರುಗುವ ರೋಗಿ, ವರದಿಗಾಗಿ ಐದು ದಿನ ಕಾಯುವ ರೋಗಿಗಿಂತ ಅಪಾಯಕಾರಿ.

ಪಿಸಿಆರ್ ಕಿಟ್ ಆರಿಸುವಾಗಲೂ ಒಂದು ಮಾತನ್ನು ತಜ್ಞರ ಸಮಿತಿಯ ಮುಂದಿಡಬೇಕೆಂದು ಕೋರುತ್ತೇನೆ. ಕಾಂಗೋದ ಕಮಿಟುಗಾ ಪಟ್ಟಣದಲ್ಲಿ 2023ರಲ್ಲಿ ಕಾಣಿಸಿಕೊಂಡ ಕ್ಲೇಡ್ 1ಬಿ ತಳಿಯಲ್ಲಿ, ಹಳೆಯ ಪರೀಕ್ಷೆಯೊಂದು ಕ್ಲೇಡ್ 1ನ್ನು ಗುರುತಿಸಲು ಹುಡುಕುತ್ತಿದ್ದ ವಂಶವಾಹಿಯ ತುಣುಕೇ ಬಿಟ್ಟುಹೋಗಿತ್ತು. ಹಾಗಾಗಿ ವಂಶವಾಹಿಯ ಒಂದೇ ತುಣುಕನ್ನು ಹುಡುಕುವ ಕಿಟ್‌ಗಿಂತ, ಇಡೀ ಆರ್ಥೋಪಾಕ್ಸ್ ಗುಂಪನ್ನು ಒಂದು ಕಡೆ, ಎಂಪಾಕ್ಸನ್ನು ಇನ್ನೊಂದು ಕಡೆ ತೋರಿಸುವ ಕಿಟ್ ಮೇಲು. ನಮ್ಮ ರಾಜ್ಯಕ್ಕಂತೂ ಇದು ಹೆಚ್ಚೇ ಬೇಕು. ಸೊಲ್ಲಾಪುರ, ಕೊಲ್ಲಾಪುರ ಜಿಲ್ಲೆಗಳಲ್ಲಿ 2009ರ ಸುಮಾರಿಗೆ ಎಮ್ಮೆಸಿಡುಬು ಜಾನುವಾರುಗಳಿಂದ ಹಾಲು ಕರೆಯುವವರ ಕೈಗಳಿಗೆ ಹರಡಿದ್ದನ್ನು ಪುಣೆಯ ಸಂಸ್ಥೆಯೇ ದಾಖಲಿಸಿದೆ. ಗಡಿಯ ಈಚೆಗೂ ಆಚೆಗೂ ಕನ್ನಡ ಮಾತನಾಡುವ ಹೈನುಗಾರರಿರುವ ಪ್ರದೇಶ ಅದು. ಅಂತಹವರ ಬೆರಳಿನ ಗುಳ್ಳೆಗೆ “ಎಂಪಾಕ್ಸ್ ಅಲ್ಲ” ಎಂಬ ಅರ್ಧ ಉತ್ತರ ಸಾಲದು; ಎಮ್ಮೆಯ ಕೆಚ್ಚಲನ್ನೂ ನೋಡಬೇಕೆಂಬ ಸೂಚನೆ ಅದೇ ವರದಿಯಿಂದ ಪಶುವೈದ್ಯರಿಗೆ ಹೋಗಬೇಕು.

ಎಂಪಾಕ್ಸ್ ಕುರಿತ ಜಾಗತಿಕ ತುರ್ತುಸ್ಥಿತಿಯ ಘೋಷಣೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2025ರ ಸೆಪ್ಟೆಂಬರ್‌ನಲ್ಲಿ ಹಿಂತೆಗೆದುಕೊಂಡಿತು. 2023ರ ಮೇಯಲ್ಲಿಯೂ ಹಾಗೆಯೇ ಹಿಂತೆಗೆದುಕೊಂಡು, ಹದಿನೈದು ತಿಂಗಳಲ್ಲಿ ಮತ್ತೆ ಘೋಷಿಸಬೇಕಾಗಿ ಬಂದಿತ್ತು. ಎಂಪಾಕ್ಸ್‌ನಿಂದಲೂ ತಕ್ಕಮಟ್ಟಿಗೆ ಕಾಪಾಡುತ್ತಿದ್ದ ಸಿಡುಬಿನ ಲಸಿಕೆ ನಿಂತು ನಾಲ್ಕು ದಶಕಗಳು ಕಳೆದಿವೆ. ನನ್ನ ತಾಯಿಯ ತೋಳಿನಲ್ಲಿದ್ದ ಆ ಗುಂಡನೆಯ ಕಲೆ ನನ್ನ ದವಾಖಾನೆಗೆ ಬರುವ ಯಾವ ಹುಡುಗನ ತೋಳಿನಲ್ಲೂ ಇಲ್ಲ.

ಆದುದರಿಂದ ನನ್ನ ಕೋರಿಕೆ ಇಷ್ಟು. ಚಿಂಚ್‌ಪೋಕ್ಲಿಯ ಕಸ್ತೂರ್ಬಾ ಆಸ್ಪತ್ರೆಯ ಜೊತೆಗೆ ಪೂರ್ವ ಮತ್ತು ಪಶ್ಚಿಮ ಉಪನಗರಗಳ ತಲಾ ಒಂದು ಸಾರ್ವಜನಿಕ ಆಸ್ಪತ್ರೆಯಲ್ಲಿ, ಹಾಗೆಯೇ ಸೊಲ್ಲಾಪುರ ಮತ್ತು ಕೊಲ್ಲಾಪುರದ ಜಿಲ್ಲಾ ಕೇಂದ್ರಗಳಲ್ಲಿ, ಶಂಕಿತ ರೋಗಿಗೆ ಅದೇ ದಿನ ಪಿಸಿಆರ್ ಉತ್ತರ ಸಿಗುವ ವ್ಯವಸ್ಥೆಯಾಗಲಿ. ಪುಣೆಯ ಸಂಸ್ಥೆಗೆ ಗುಳ್ಳೆಯ ಮಾದರಿ ಹೋಗುವುದು ಉತ್ತರಕ್ಕಾಗಿ ಅಲ್ಲ, ಆ ಉತ್ತರವನ್ನು ದೃಢಪಡಿಸಲು ಮತ್ತು ವೈರಸ್‌ನ ತಳಿಯನ್ನು ಗುರುತಿಸಲು ಎಂದಾಗಲಿ. ಗುಳ್ಳೆಯಿಂದ ತೆಗೆದ ಅದೇ ಮಾದರಿಯಿಂದ ಚಿಕನ್‌ಪಾಕ್ಸ್ ಪರೀಕ್ಷೆಯನ್ನೂ ಮಾಡಿ ವರದಿಯಲ್ಲಿ ಬರೆಯಲಿ. ವರದಿ ಬರುವವರೆಗೆ ಯಾರನ್ನೂ ಕೋಣೆಯಿಂದಾಗಲಿ, ಕೆಲಸದಿಂದಾಗಲಿ ಹೊರಹಾಕಬಾರದೆಂಬ ಲಿಖಿತ ಸೂಚನೆಯನ್ನು ಹೋಟೆಲುಗಳಿಗೂ ಕಟ್ಟಡ ಗುತ್ತಿಗೆದಾರರಿಗೂ ಮರಾಠಿ, ಹಿಂದಿ, ಕನ್ನಡಗಳಲ್ಲಿ ತಮ್ಮ ಇಲಾಖೆ ಕಳುಹಿಸಲಿ. ಕನ್ನಡದ ಪ್ರತಿಯನ್ನು ಸಿದ್ಧಪಡಿಸಿಕೊಡಲು ನಾನು ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ,
ಜೋಗೇಶ್ವರಿಯ ಒಬ್ಬ ಕುಟುಂಬ ವೈದ್ಯ