ಪಟ್ಟಿ ಕೇಳಿದ ಜಲೀಲನಿಗೆ

ಲೋ ಜಲೀಲಾ,

‘ಮಾತಾಡಕಿಲ್ವಾ’ ಅಂತ ನೀನು ಮೆಸೇಜು ಹಾಕಿ ಹದಿನೈದು ದಿನ ಆಯ್ತು. ಮಾತಾಡ್ತೀನಿ ಕಣೋ, ಆದ್ರೆ ಎಲ್ಲರೆದುರಿಗೆ. ನಿನಗೊಬ್ಬನಿಗೇ ಬರೆದ್ರೆ ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗ್ತೀಯ. ನಾಲ್ಕು ಜನ ನೋಡ್ತಿದ್ರೆ ಮರ್ಯಾದೆಗಾದ್ರೂ ಉತ್ತರ ಬರೀತೀಯ. ಛತ್ರಿ ವಿಷಯ ಎತ್ತಲ್ಲ, ಹೆದರ್ಬೇಡ.

ನೀನು ಕೇಳಿದ್ದು ಮಗಳಿಗೆ ತೋರಿಸೋಕೆ ಎಪ್ಪತ್ತರ ದಶಕದ ಹತ್ತು ಕನ್ನಡ ಸಿನಿಮಾ. ಪುಣೆಯಲ್ಲಿ ಬೆಳೆದ ಹುಡುಗಿ, ಅಪ್ಪ ಅಜ್ಜಂದಿರ ಊರಿನ ರುಚಿ ಗೊತ್ತಾಗಲಿ ಅಂತ ನಿನ್ನಾಸೆ. ಹತ್ತು ಸಿನಿಮಾ ಏನು ದೊಡ್ಡ ವಿಷಯ, ಕಾಫಿ ಕುಡಿಯೋದ್ರೊಳಗೆ ಬರೆದು ಬಿಸಾಕ್ತೀನಿ ಅಂದ್ಕೊಂಡು ಕೂತೆ.

ಮೊದಲನೆಯದು ನಾಗರಹಾವು, 1972. ಅದರಲ್ಲಿ ಚರ್ಚೆಯೇ ಇಲ್ಲ. ಪುಟ್ಟಣ್ಣ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರು, ವಿಷ್ಣು ಮೈಸೂರಲ್ಲಿ ಹುಟ್ಟಿದವರು, ಚಾಮಯ್ಯ ಮೇಷ್ಟ್ರು ಅಶ್ವಥ್ ಮೈಸೂರಿನವರು, ಜಲೀಲನಾದ ಅಂಬರೀಶ್ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವರು. ಕಥೆ ಮತ್ತು ಕೋಟೆ ಚಿತ್ರದುರ್ಗದವರದು, ಮಿಕ್ಕಿದ್ದೆಲ್ಲ ನಮ್ಮದೇ ಅಂತ ಹಾಸ್ಟೆಲಿನಲ್ಲಿ ದುರ್ಗದ ಹುಡುಗರ ಹತ್ರ ಜಗಳ ಆಡ್ತಿದ್ದದ್ದು ನೆನಪಿದೆಯಾ? ತರಾಸು ಅವರ ಮೂರು ಕಾದಂಬರಿ ಸೇರಿಸಿ ಒಂದು ಸಿನಿಮಾ ಮಾಡಿದ್ದು ಅಂತ ಅವರು ಹೇಳೋರು. ನಾವು ಮೂರರಲ್ಲಿ ಒಂದನ್ನೂ ಓದದೆ ವಾದ ಮಾಡೋರು. ಆದ್ರೆ ಈಗ ನಿನ್ನ ಮಗಳು ಅದನ್ನ ನೋಡಿದ್ರೆ, ಬೀದೀಲಿ ಹುಡುಗಿ ಹಿಂದೆ ಬೀಳೋ ಜಲೀಲನ್ನ ನೋಡಿ ‘ಅಪ್ಪಾ, ನಿಂಗೆ ಈ ಹೆಸರು ಯಾಕಿಟ್ರು?’ ಅಂತಾಳೆ. ಉತ್ತರ ರೆಡಿ ಮಾಡ್ಕೊ.

ಎರಡನೆಯದು ಘಟಶ್ರಾದ್ಧ, 1977. ನಿನಗೆ ತುಂಬ ಇಷ್ಟ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತೀಯ. ಫಿಲಂ ಸೊಸೈಟಿಯವರು ಹಾಕಿದ್ದಾಗ ಅರ್ಧ ಗಂಟೆಗೇ ನನ್ನ ಭುಜದ ಮೇಲೆ ಗೊರಕೆ ಹೊಡೆದಿದ್ದು ಯಾರಪ್ಪಾ? ಆ ಒಂದು ದಶಕದಲ್ಲೇ ಸಂಸ್ಕಾರ, ಚೋಮನ ದುಡಿ, ಘಟಶ್ರಾದ್ಧ ಮೂರಕ್ಕೂ ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಬಂತು. ಕಾಸರವಳ್ಳಿಯವರ ಈ ಸಿನಿಮಾನ ಹೊಸದಾಗಿ ಶುದ್ಧಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ರು. ಈಗಲಾದ್ರೂ ಎದ್ದು ನೋಡು.

ಮೂರು, ಬೂತಯ್ಯನ ಮಗ ಅಯ್ಯು. ಇದರಲ್ಲಿ ಲೋಕನಾಥ್ ಉಪ್ಪಿನಕಾಯಿ ಒಂದಕ್ಕೋಸ್ಕರವೇ ನೋಡಬೇಕು. ನಾಲ್ಕು, ಕಸ್ತೂರಿ ನಿವಾಸ. ಬಣ್ಣ ಹಾಕಿ 2014ರಲ್ಲಿ ಮತ್ತೆ ಬಿಟ್ರಲ್ಲ, ಅದು ಬೇಡ, ಕಪ್ಪು ಬಿಳುಪೇ ತೋರ್ಸು. ಆ ಪಾರಿವಾಳದ ಊಟಕ್ಕೆ ಬಣ್ಣ ಬೇಕಿಲ್ಲ. ಐದು...

ಐದರ ಹತ್ರ ಕೈ ನಿಂತುಹೋಯ್ತು ಕಣೋ.

ಐದು ಬಂಗಾರದ ಮನುಷ್ಯ. ಅದೂ 1972ರದ್ದೇ, ಟಿ.ಕೆ. ರಾಮರಾವ್ ಕಾದಂಬರಿ, ಸಿದ್ಧಲಿಂಗಯ್ಯ ನಿರ್ದೇಶನ. ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡಿತ್ತು. ಎಷ್ಟೋ ಹುಡುಗರು ಇದನ್ನ ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ವಾಪಸ್ಸಾದರು ಅಂತ ಹೇಳೋದು ನೀನೂ ಕೇಳಿದ್ದೀಯ. ನಮ್ಮ ಸೋದರಮಾವನೂ ಅದೇ ಹೇಳ್ತಿದ್ದ, ‘ಸಿನಿಮಾ ನೋಡಿ ಓದು ಬುಟ್ಟೆ’ ಅಂತ. ಪಿಯುಸಿಯಲ್ಲಿ ಇಂಗ್ಲಿಷು ಡುಮ್ಕಿ ಹೊಡೆದಿದ್ದನ್ನ ಅಮ್ಮ ಆಮೇಲೆ ಹೇಳಿದ್ಲು.

ನಾನು ಮೊದಲು ನೋಡಿದ್ದು ಊರ ಹೊರಗಿನ ಟೆಂಟಲ್ಲಿ, ಸಿನಿಮಾ ಬಂದು ಹತ್ತು ಹನ್ನೆರಡು ವರ್ಷ ಆದ ಮೇಲೆ. ‘ನಮೋ ವೆಂಕಟೇಶಾ’ ಹಾಡು ಮೈಕಲ್ಲಿ ಬಂತು ಅಂದ್ರೆ ಮಾವ ಸೈಕಲ್ ಹತ್ತೋನು, ನಾನು ಮುಂದಿನ ಕಂಬಿ ಮೇಲೆ. ಆ ಹೊತ್ತಿಗೆ ಅಪ್ಪ ಹೋಗಿ ಒಂದು ವರ್ಷವೋ ಏನೋ. ಅಮ್ಮ, ನಾನು, ತಂಗಿ ಮೂವರೂ ಅಜ್ಜಿ ಮನೇಲಿ, ಅಂದ್ರೆ ಮಾವನ ಅನ್ನದಲ್ಲಿ. ಮರಳ ಮೇಲೆ ಟವಲ್ ಹಾಸಿ ಕೂರಿಸಿದ್ದ. ಕೊನೇಲಿ, ಅಕ್ಕನ ಸಂಸಾರ ಸಾಕಿದ ರಾಜೀವ, ಅಂದ್ರೆ ರಾಜಕುಮಾರ್, ಮನೆ ಬಿಟ್ಟು ಹೊರಟನಲ್ಲ, ಆಗ ನಾನು ಕೂತಿದ್ದ ಟವಲನ್ನೇ ಎಳ್ಕೊಂಡು ಮುಖ ಒರೆಸ್ಕೊಂಡ. ನಾನು ದಪ್ಪನೆ ಮರಳಿಗೆ ಬಿದ್ದೆ. ಮುಖದ ತುಂಬ ಮರಳು ಮೆತ್ತಿಕೊಂಡು ಅಳ್ತಿದ್ದ.

ಮೊನ್ನೆ ಭಾನುವಾರ, ನಿನ್ನ ಪಟ್ಟಿಗೋಸ್ಕರ ಅಂತಲೇ, ಇಲ್ಲಿ ಕುವೆಂಪುನಗರದ ಮನೇಲಿ ಅದನ್ನ ಪೂರ್ತಿ ನೋಡಿದೆ. ಅಳು ಬಂತು. ಬರ್ಲೇಬೇಕು, ಅದು ಕನ್ನಡಿಗರ ಕಂದಾಯ. ಆಮೇಲೆ ಸುಮ್ಮನೆ ಒಂದು ಯೋಚನೆ ಬಂತು. ಈ ಸಿನಿಮಾ ನೋಡಿ ಅತ್ತವರೆಲ್ಲ ಯಾರಾಗಿ ಅತ್ರು? ಎಲ್ಲರೂ ರಾಜೀವನಾಗಿ. ‘ನಾವೂ ಎಷ್ಟು ಮಾಡಿದ್ವಿ, ಯಾರೂ ಅರ್ಥ ಮಾಡ್ಕೊಳ್ಳಲಿಲ್ಲ’ ಅಂತ. ಆಡಬಾರದ ಮಾತಾಡಿ ಮಾವನ್ನ ಹೊರಗೆ ಹಾಕಿದ ಸೋದರಳಿಯ ಇದ್ದಾನಲ್ಲ, ಅವನ ಹೆಸರೇನು ಹೇಳು ನೋಡೋಣ? ರಾಚೂಟಪ್ಪನ ಹೆಸರು ಬಾಯಿಗೆ ಬರುತ್ತೆ, ಅವನದ್ದು ಬರಲ್ಲ. ಲೆಕ್ಕದ ಪ್ರಕಾರ ರಾಜ್ಯದಲ್ಲಿ ಮಾವಂದಿರು ಎಷ್ಟಿದ್ದಾರೋ ಅಳಿಯಂದಿರು ಅದಕ್ಕಿಂತ ಜಾಸ್ತಿ ಇರಬೇಕು. ಅವರೆಲ್ಲ ಯಾವ ಟೆಂಟಲ್ಲಿ ಕೂತಿದ್ರು?

ಒಬ್ಬ ನಿನಗೆ ಗೊತ್ತಿರೋ ಟೆಂಟಲ್ಲೇ ಕೂತಿದ್ದ.

ಇದನ್ನ ನಿನಗೆ ಯಾವತ್ತೂ ಹೇಳಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿ ಅಗಲ ಮಾಡಿದ್ರಲ್ಲ, ಆಗ ಮಾವನ ಕಬ್ಬಿನ ಗದ್ದೆಯಲ್ಲಿ ಒಂದು ಪಟ್ಟೆ ಹೋಯ್ತು, ಪರಿಹಾರ ಬಂತು. ಗದ್ದೆ ತಾತನ ಹೆಸರಿನದು. ಆ ವರ್ಷ ಹೊಸತೊಡಕಿಗೆ ಊರಿಗೆ ಹೋದವನು ಬ್ಯಾಗಲ್ಲಿ ಪಹಣಿ ಜೆರಾಕ್ಸು ಇಟ್ಕೊಂಡು ಹೋಗಿದ್ದೆ. ಬಾಡೂಟ. ಎಲೆ ಮೇಲೆ ಮುದ್ದೆ ಬಿದ್ದಿತ್ತು, ಅತ್ತೆ ಸಾರು ಬಿಡ್ತಿದ್ಲು. ನಾನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ, ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಭಾಷಣ ಶುರು ಮಾಡಿದೆ. ‘ಅಮ್ಮನ ಭಾಗದ ಲೆಕ್ಕ ಏನಾಯ್ತು ಮಾವ?’ ಅಂದೆ.

ಅಮ್ಮ ಕೇಳಿರಲಿಲ್ಲ. ಕೇಳು ಅಂತಲೂ ಹೇಳಿರಲಿಲ್ಲ.

ಮಾವ ಕೂಗಾಡಲಿಲ್ಲ. ಮನೆ ಬಿಟ್ಟೂ ಹೋಗಲಿಲ್ಲ, ಅವನದೇ ಮನೆ. ಸೌಟು ಹಿಡಿದು ನಿಂತಿದ್ದ ಅತ್ತೆ ಕಡೆ ನೋಡಿದ, ಆಮೇಲೆ ನನ್ನ ಕಡೆ ತಿರುಗಿ, ‘ಮೊದ್ಲು ಉಣ್ಣಿ. ಕೊಡವ’ ಅಂದ.

ಉಣ್ಣಿ.

ಹುಟ್ಟಿದಾಗಿಂದ ಅವನ ಬಾಯಲ್ಲಿ ‘ಏನ್ಲಾ, ಎಲ್ಲಿಗ್ಲಾ, ಉಣ್ಲಾ’ ಬಿಟ್ಟು ಬೇರೆ ಕೇಳಿಲ್ಲ ನಾನು. ಮೈಸೂರಿನ ಹಾಸ್ಟೆಲಿಗೆ ಅಕ್ಕಿಮೂಟೆ ಹೊತ್ಕೊಂಡು ಬಂದಾಗ, ನಿಮ್ಮೆಲ್ಲರ ಎದುರಿಗೇ ‘ಯಾಕ್ಲಾ ಇಂಗೆ ಬಡಕ್ಲಾಗಿದ್ದೀಯೆ’ ಅಂತ ಕೂಗಿದ್ನಲ್ಲ, ನನಗೆ ನಾಚಿಕೆ ಆಗಿತ್ತು. ಆ ಹೊಸತೊಡಕಿಂದ ನಾನು ಅವನಿಗೆ ‘ನೀವು’. ಹದಿನೈದೇ ದಿನಕ್ಕೆ ಚೆಕ್ ಬಂತು, ಒಂದು ಪೈಸೆ ಕಮ್ಮಿ ಇರಲಿಲ್ಲ.

ಕೇಳಿದ್ದು ಕಾನೂನಿನಲ್ಲಿ ಸರಿ, ಈಗಲೂ ಹೇಳ್ತೀನಿ. ಹೆಣ್ಣುಮಕ್ಕಳ ಪಾಲು ಹೆಣ್ಣುಮಕ್ಕಳಿಗೆ ಸೇರಬೇಕು. ಸಿನಿಮಾದ ರಾಜೀವನ ಅಕ್ಕನಿಗೂ ಒಂದು ಪಾಲು ಇತ್ತಾ ಅಂತ ಯಾರೂ ಕೇಳಲ್ಲ, ಅದೊಂದು ತಕರಾರು ನನಗೆ ಆ ಸಿನಿಮಾ ಮೇಲೆ ಇದ್ದೇ ಇದೆ. ಆದ್ರೆ ನಾನು ಕೇಳಿದ್ದು ಅಮ್ಮನಿಗೋಸ್ಕರ ಅಲ್ಲ ಕಣೋ. ಮನೆ ಸಾಲ ಇತ್ತು, ಅದಕ್ಕೆ ಹೋಯ್ತು. ಮಿಕ್ಕಿದ್ದರಲ್ಲಿ ಈ ಐವತ್ತೈದು ಇಂಚಿನ ಟೀವಿ ಬಂತು, ಅಮ್ಮನಿಗೆ ಸೀರಿಯಲ್ಲಿಗೆ ಅಂತ. ನಮ್ಮ ಮನೇಲಿ ಕಂತಿಲ್ಲದೆ ಬಂದ ಒಂದೇ ಸಾಮಾನು. ಮೊನ್ನೆ ರಾಜಕುಮಾರ್ ಬೆನ್ನು ತಿರುಗಿಸಿ ನಡೆದು ಹೋಗಿದ್ದು ಅದರಲ್ಲೇ, ಅಷ್ಟುದ್ದಕ್ಕೆ, ಅಷ್ಟಗಲಕ್ಕೆ. ಪಕ್ಕದಲ್ಲಿ ಅಮ್ಮ ಸೆರಗಲ್ಲಿ ಮೂಗು ಒರೆಸ್ಕೊಂಡು, ‘ನಿಮ್ಮಾವನಂಗೇ’ ಅಂದ್ಲು. ನಾನು ಎದ್ದು ಅಡುಗೆಮನೇಲಿ ಗ್ಯಾಸ್ ಆರಿಸಿದ್ದೀವಾ ಅಂತ ನೋಡೋಕೆ ಹೋದೆ. ಆರಿಸಿತ್ತು.

ನೋಡು, ನೀನು ಪಟ್ಟಿ ಕೇಳಿದೆ, ನಾನು ಪಹಣಿ ಕಳಿಸ್ತಿದ್ದೀನಿ.

ಸರಿ, ಬೇಗ ಮುಗಿಸ್ತೀನಿ. ಆರು, ಗಂಧದ ಗುಡಿ. ಹಾಡು ಬಂದಾಗ ಮಗಳನ್ನ ಎಬ್ಬಿಸಿ ನಿಲ್ಲಿಸಬೇಡ, ಅದು ನಾಡಗೀತೆ ಅಲ್ಲ. ಏಳು, ಎಡಕಲ್ಲು ಗುಡ್ಡದ ಮೇಲೆ. ಅವಳು ಸ್ವಲ್ಪ ದೊಡ್ಡವಳಾದ ಮೇಲೆ, ನೀನು ಪಕ್ಕದಲ್ಲಿ ಇಲ್ಲದಾಗ. ಎಂಟು, ಶರಪಂಜರ, ತ್ರಿವೇಣಿಯವರ ಕಾದಂಬರಿ, ಕಲ್ಪನಾ. ಇದನ್ನ ಮಾತ್ರ ಗಂಡಸರು ಹೆಂಗಸರ ಪಕ್ಕದಲ್ಲೇ ಕೂತು ನೋಡಬೇಕು. ಒಂಬತ್ತು, ಚೋಮನ ದುಡಿ. ಹತ್ತನೆಯದು ನಿನ್ನಿಷ್ಟ, ಆದ್ರೆ ನೀನು ಯಾವುದು ಹೇಳ್ತೀಯ ಅಂತ ಗೊತ್ತು, ಅದು ಕ್ಲಾಸಿಕ್ ಅಲ್ಲ ಕಣೋ, ಅದರಲ್ಲಿ ನಿನ್ನ ಹಳೇ ಕ್ರಶ್ಶು ಇದ್ದಾಳೆ ಅಷ್ಟೇ.

ಮಾವನಿಗೆ ಫೋನ್ ಮಾಡಿದ್ಯಾ ಅಂತ ಕೇಳ್ತೀಯ. ಮಾಡಿದೆ. ಭಾನುವಾರ ರಾತ್ರಿಯೇ. ಏನು ಹೇಳ್ಬೇಕು ಅಂತ ಗೊತ್ತಾಗದೆ, ‘ಮಾವ, ಎಪ್ಪತ್ತರ ದಶಕದಲ್ಲಿ ನಿಮಗೆ ಇಷ್ಟವಾದ ಸಿನಿಮಾ ಯಾವುದು?’ ಅಂದೆ, ರೇಡಿಯೋದವನ ಥರ. ಆ ಕಡೆಯಿಂದ ಮೋಟರ್ ಸದ್ದು ಬರ್ತಿತ್ತು.

‘ನಾಲೆಗೆ ನೀರು ಬುಟ್ಟವ್ರೆ, ಗದ್ದೆತಾವ ಇವ್ನಿ. ಸಿನಿಮಾಗಿನಿಮಾ ಬೆಳಗ್ಗೆ ಕೇಳಿ,’ ಅಂದ.

ಬೆಳಗ್ಗೆ ಇನ್ನೂ ಕೇಳಿಲ್ಲ. ಇವತ್ತಿಗೆ ನಾಲ್ಕು ಬೆಳಗ್ಗೆ ಆಯ್ತು.

ನಿನ್ನ
ಚಾಮಯ್ಯ (ಮೇಷ್ಟ್ರಲ್ಲ, ಬರೀ ಹೊಟ್ಟೆ)

ತಾ.ಕ.: ಛತ್ರಿ ವಿಷಯ ಎತ್ತಲ್ಲ ಅಂದಿದ್ದೆ. ಆದ್ರೆ ಮಳೆಗಾಲ ಬಂತು. ವಾಪಸ್ ಕೊಡೋ.