ಆ ಪಟ್ಟಿಯಲ್ಲಿ ಕೆನ್ ಕ್ಲೈಮೊ ಹೆಸರೂ ಇರಬೇಕಿತ್ತು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಕ್ರೀಡಾ ಪುಟದಲ್ಲಿ, ತಮ್ಮ ಆಟವನ್ನು ವರ್ಷಗಟ್ಟಲೆ ಆಳಿದವರ ಪಟ್ಟಿ ಬಂದಿತ್ತು. ಟೆನಿಸ್, ಚೆಸ್, ಸ್ಕ್ವಾಷ್‌ನವರೆಲ್ಲ ಇದ್ದರು, ಕ್ರಿಕೆಟ್‌ನವರಂತೂ ಬಿಡಿ. ಆದರೆ 1990ರಿಂದ 1998ರವರೆಗೆ ಒಂದು ವರ್ಷವೂ ಬಿಡದೆ ಒಂಬತ್ತು ಸಲ ವಿಶ್ವ ಚಾಂಪಿಯನ್ ಆದವನ ಹೆಸರೇ ಇಲ್ಲ. ಕೆನ್ ಕ್ಲೈಮೊ, ಅಮೆರಿಕದ ಫ್ಲೋರಿಡಾದವನು. ಆಟ ಡಿಸ್ಕ್ ಗಾಲ್ಫ್. ನಗಬೇಡಿ, ಪೂರ್ತಿ ಓದಿ.

ಮೂರು ವರ್ಷದ ಹಿಂದೆ ಅಮೆರಿಕದ ಷಾರ್ಲೆಟ್‌ನಲ್ಲಿರುವ ಮಗಳ ಮನೆಗೆ ಹೋಗುವವರೆಗೂ ನನಗೂ ಇದು ಗೊತ್ತಿರಲಿಲ್ಲ. ಬೆಳಗ್ಗೆ ವಾಕಿಂಗ್ ಹೋದಾಗ ಪಾರ್ಕಿನಲ್ಲಿ ಅಲ್ಲಲ್ಲಿ ಕಬ್ಬಿಣದ ಕಂಬ, ಅದರ ಸುತ್ತ ಇಳಿಬಿಟ್ಟ ಸರಪಳಿ, ಕೆಳಗೆ ಬುಟ್ಟಿ. ಜನ ಚೀಲದಲ್ಲಿ ಹತ್ತು ಹದಿನೈದು ಪ್ಲಾಸ್ಟಿಕ್ ತಟ್ಟೆ (ಅದೇ ಡಿಸ್ಕ್) ಹಾಕಿಕೊಂಡು ಬಂದು ಮರಗಳ ಮಧ್ಯೆ ಎಸೆಯುತ್ತಾರೆ. ಎಷ್ಟು ಕಮ್ಮಿ ಎಸೆತದಲ್ಲಿ ಬುಟ್ಟಿಗೆ ಬಿತ್ತು ಅನ್ನುವುದೇ ಲೆಕ್ಕ, ಗಾಲ್ಫ್ ಥರವೇ. ದೂರ ಹೋಗಲು ಚೂಪು ಅಂಚಿನದು ಒಂದು, ಹತ್ತಿರದಿಂದ ಬುಟ್ಟಿಗೆ ಹಾಕಲು ಮೊಂಡು ಅಂಚಿನದು ಇನ್ನೊಂದು. ಮೊಮ್ಮಗ ನನಗೂ ಒಂದು ಕೊಟ್ಟ. ಚಿಕ್ಕವರಿದ್ದಾಗ ಕೆರೆಯಲ್ಲಿ ಬಿಲ್ಲೆಕಲ್ಲು ಎಸೆದು ಕಪ್ಪೆ ಹಾರಿಸುತ್ತಿದ್ದೆವಲ್ಲ, ಅದೇ ಧೈರ್ಯದಲ್ಲಿ, ಕೈ ಮಾತ್ರ ಎದೆಗೆ ಅಡ್ಡ ತಂದು ಹೊರಕ್ಕೆ ಬೀಸಿ ಎಸೆದೆ. ಸೀದಾ ಹೋದ ಹಾಗೆ ಕಂಡಿತು, ಕೊನೆಗೆ ಎಡಕ್ಕೆ ಬಾಗಿ ಕೊಳಕ್ಕೆ ಬಿತ್ತು. ಬಲಗೈಯವರು ಹಾಗೆ ಬ್ಯಾಕ್‌ಹ್ಯಾಂಡ್‌ನಲ್ಲಿ ಎಸೆದರೆ ವೇಗ ಕಮ್ಮಿಯಾದ ಮೇಲೆ ಎಡಕ್ಕೆ ಬಾಗುವುದೇ ಅದರ ಗುಣವಂತೆ. ಎದುರು ಗಾಳಿ ಜೋರಾಗಿದ್ದರೆ ಅದೇ ತಟ್ಟೆ ಬಲಕ್ಕೆ ಮಗುಚಿಕೊಳ್ಳುತ್ತದೆ. ಇದನ್ನೆಲ್ಲ ಲೆಕ್ಕ ಹಾಕಿ, ಎರಡು ಮರದ ಸಂದಿಯಲ್ಲಿ ನುಗ್ಗಿಸಿ, ನೂರು ಮೀಟರ್ ಆಚೆಯ ಬುಟ್ಟಿ ಪಕ್ಕ ಇಳಿಸಬೇಕು. ಅದೂ ದಿನಗಟ್ಟಲೆ, ಸುತ್ತಿನ ಮೇಲೆ ಸುತ್ತು. ಕ್ಲೈಮೊ ಒಂಬತ್ತು ವರ್ಷ ಮಾಡಿದ್ದು ಇದನ್ನೇ.

ಮೊಮ್ಮಗನ ತಟ್ಟೆಯೊಂದರ ಮೇಲೆ 12 ಎಕ್ಸ್ ಕೆಸಿ ಅಂತ ಅಚ್ಚಿತ್ತು. ಏನೋ ಸೈಜ್ ನಂಬರ್ ಇರಬೇಕು ಅಂದುಕೊಂಡೆ. ಕೆಸಿ ಅಂದರೆ ಕೆನ್ ಕ್ಲೈಮೊ, ಹನ್ನೆರಡು ಅಂದರೆ ಹನ್ನೆರಡು ವಿಶ್ವ ಕಿರೀಟ. ಇನ್ನೋವಾ ಕಂಪನಿ (ಕಾರಿನದ್ದಲ್ಲ, ತಟ್ಟೆ ಮಾಡುವ ಇನ್ನೋವಾ) ಈತ ಗೆಲ್ಲುತ್ತಾ ಹೋದಂತೆ ಅಚ್ಚಿನ ನಂಬರ್ ಬದಲಿಸುತ್ತಾ ಹೋಯಿತು. ಹತ್ತು, ಹನ್ನೊಂದು, ಹನ್ನೆರಡು. ಹಳೆಯ ಅಚ್ಚಿನವನ್ನು ಹುಡುಕಿ ಕೂಡಿಡುವವರೂ ಇದ್ದಾರೆ.

ನೀವು ಕೇಳುವ ಪ್ರಶ್ನೆ ಗೊತ್ತು. ಹತ್ತು ಜನ ಆಡುವ ಆಟದಲ್ಲಿ ಗೆಲ್ಲುವುದು ಏನು ಮಹಾ? ನನ್ನ ಅಳಿಯನೂ ಇದನ್ನೇ ಕೇಳಿದ. ಒಪ್ಪುತ್ತೇನೆ, ಆಗ ಆಟ ಚಿಕ್ಕದೇ. ಮೊದಲ ಕಾಯಂ ಮೈದಾನ ಆಗಿದ್ದೇ 1975ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಮಾಡಿದವನು ಎಡ್ ಹೆಡ್ರಿಕ್, ಫ್ರಿಸ್ಬಿ ತಟ್ಟೆ ನೆಟ್ಟಗೆ ಹಾರುವಂತೆ ತಿದ್ದಿದವನೂ, ಆಮೇಲೆ ಸರಪಳಿ ಬುಟ್ಟಿ ಮಾಡಿದವನೂ ಅವನೇ. (2002ರಲ್ಲಿ ಆತ ತೀರಿಕೊಂಡ ಮೇಲೆ ಅವನ ಆಸೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್‌ಗೆ ಬೆರೆಸಿ ತಟ್ಟೆ ಮಾಡಿದರಂತೆ. ನಾವು ಹೊಳೆಗೆ ಬಿಡುತ್ತೇವೆ, ಅವರು ಗಾಳಿಗೆ ಬಿಟ್ಟರು.)

ಆದರೆ ಚಿಕ್ಕ ಆಟದ ರಾಜ ಅನ್ನುವವರು 1998ಕ್ಕೇ ಕಥೆ ನಿಲ್ಲಿಸುತ್ತಾರೆ. ಮಜಾ ಇರುವುದು ಆಮೇಲೆ. 1999ರಲ್ಲಿ ರಾನ್ ರಸೆಲ್ ವಿಶ್ವ ಕಿರೀಟ ಕಿತ್ತುಕೊಂಡ. ಅದೇ ವರ್ಷ ಸೌತ್ ಕೆರೊಲಿನಾದ ರಾಕ್ ಹಿಲ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್ ಶುರುವಾಯಿತು, ಮೊದಲ ಸಲವೇ ಗೆದ್ದವನು ಕ್ಲೈಮೊ. 2000ದಲ್ಲಿ ಮತ್ತೆ ವಿಶ್ವ ಚಾಂಪಿಯನ್, 2002ರಲ್ಲಿ ಇನ್ನೊಂದು. ಆಮೇಲೆ ಬ್ಯಾರಿ ಷುಲ್ಟ್ಸ್ ಎರಡು ವರ್ಷ ಗೆದ್ದ. 2005ರಲ್ಲಿ ನೇಟ್ ಡಾಸ್ ಅನ್ನುವ ಹುಡುಗ ಗೆದ್ದ, ಕ್ಲೈಮೊ ಮೊದಲ ಸಲ ಗೆದ್ದಾಗ ಆ ಹುಡುಗ ಇನ್ನೂ ಚಿಕ್ಕ ಮಗು. ಇನ್ನು ಈ ಮನುಷ್ಯನ ಕಾಲ ಮುಗಿಯಿತು ಅನ್ನಬಹುದಿತ್ತು, ಅಲ್ವಾ? 2006ರಲ್ಲಿ ಜಾರ್ಜಿಯಾದ ಆಗಸ್ಟಾದಲ್ಲಿ, ನಲವತ್ತು ಹತ್ತಿರವಾಗುತ್ತಿದ್ದಾಗ, ಹನ್ನೆರಡನೆಯದನ್ನು ಗೆದ್ದ. ಹೊಸ ಪೀಳಿಗೆಯ ಹುಡುಗರೆಲ್ಲ ಎದುರಿಗೆ ಇದ್ದರು. ಮರುವರ್ಷ ರಾಕ್ ಹಿಲ್‌ನಲ್ಲಿ ಐದನೇ ಸಲ ರಾಷ್ಟ್ರೀಯ ಚಾಂಪಿಯನ್. ಚಿಕ್ಕ ಆಟ, ಕಮ್ಮಿ ಜನ ಅನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ ಸ್ವಾಮಿ.

ಷಾರ್ಲೆಟ್‌ನಿಂದ ರಾಕ್ ಹಿಲ್‌ಗೆ ಕಾರಿನಲ್ಲಿ ಅರ್ಧ ಮುಕ್ಕಾಲು ಗಂಟೆ. ಹಟ ಮಾಡಿ ಹೋಗಿ ನೋಡಿ ಬಂದೆ. ವಿಂಥ್ರಾಪ್ ವಿಶ್ವವಿದ್ಯಾಲಯದ ಕೆರೆ ದಂಡೆ. ಗೆರೆ ದಾಟಿದರೆ ದಂಡ, ನೀರಿಗೆ ಬಿದ್ದರೂ ದಂಡ. ಸುಮ್ನೆ ನಿಂತು ನೋಡಿದರೇ ನನ್ನ ಕೈ ನಡುಗಿತು.

ದುಡ್ಡಿನ ಮಾತು ಒಂದಿದೆ. 2021ರಲ್ಲಿ ಪಾಲ್ ಮೆಕ್‌ಬೆತ್ ಅನ್ನುವ ಆಟಗಾರ ಡಿಸ್ಕ್‌ಕ್ರಾಫ್ಟ್ ಕಂಪನಿ ಜೊತೆ ಹತ್ತು ವರ್ಷಕ್ಕೆ 1 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡ. ನಮ್ಮ ಲೆಕ್ಕದಲ್ಲಿ ಎಪ್ಪತ್ತು ಕೋಟಿ ರೂಪಾಯಿಗೂ ಜಾಸ್ತಿ. ಒಳ್ಳೆಯ ಆಟಗಾರನೇ, ಆರು ವಿಶ್ವ ಕಿರೀಟ ಗೆದ್ದವನು. ಆದರೆ ಡಿಸ್ಕ್ ಗಾಲ್ಫ್ ಅಂದರೆ ಎಲ್ಲರೂ ಆ 1 ಕೋಟಿ ಡಾಲರನ್ನೇ ಹೇಳುತ್ತಾರೆ. ಅವನ ಎರಡರಷ್ಟು ವಿಶ್ವ ಕಿರೀಟ ಗೆದ್ದ ಕ್ಲೈಮೊ ಟಿವಿಯಲ್ಲಿ ಯಾರೂ ನೋಡದ ಕಾಲದಲ್ಲಿ ಆಡಿದ. ಸಂಭಾವನೆ ನೋಡಿ ಪಟ್ಟಿ ಮಾಡಿದರೆ ಇಂಥವರು ಬಿಟ್ಟೇಹೋಗುತ್ತಾರೆ. ನಿಮ್ಮ ಪಟ್ಟಿಯಲ್ಲಿ ಹಾಗೇ ಆಗಿದೆ ಅಂತ ನನ್ನ ಗುಮಾನಿ.

ಹಾಗೆ ನೋಡಿದರೆ ಹೆಂಗಸರಲ್ಲಿ ಜೂಲಿಯಾನಾ ಕೊರ್ವರ್ ಕೂಡ ಇದ್ದಾರೆ, ಐದು ಸಲ ವಿಶ್ವ ಚಾಂಪಿಯನ್. ಆದರೆ ಎರಡು ಹೆಸರು ಒಟ್ಟಿಗೆ ಸೇರಿಸಿ ಅಂದರೆ ನೀವು ಕಾಗದವನ್ನೇ ಎತ್ತಿಡುತ್ತೀರಿ.

ಮುಂದಿನ ಭಾನುವಾರ ಒಂದು ತಿದ್ದುಪಡಿ ಹಾಕಿದರೆ ಸಾಕು. ಹೆಸರು, ಊರು, ಹನ್ನೆರಡು ಅನ್ನುವ ಅಂಕಿ. ಫೋಟೊ ಹಾಕುವುದಾದರೆ ದಯವಿಟ್ಟು ಸರಪಳಿ ಬುಟ್ಟಿ ಇರುವುದನ್ನು ಹಾಕಿ. ಬಾಯಲ್ಲಿ ತಟ್ಟೆ ಕಚ್ಚಿಕೊಂಡ ನಾಯಿಯದ್ದು ಬೇಡ.

ಇತಿ,
ನಿಮ್ಮ ಹಳೆಯ ಓದುಗ,
ಅರಸೀಕೆರೆ