ನೆರೆಕರೆಯ ಹೆಂಗಸರ ಉಳಿತಾಯ-ಸಾಲದ ಗುಂಪಾದ ಅಯಲ್‌ಕೂಟದ ಅಕ್ಕಂದಿರಿಗೆ, ಮೇಡಂಗೆ, ಅಮ್ಮನಿಗೆ

ಕಳೆದ ವಾರ ಕಲ್ಲಿಕೋಟೆಯ ಐಐಎಂನಲ್ಲಿ ನನ್ನ ಎಂಬಿಎ ಘಟಿಕೋತ್ಸವ ನಡೆಯಿತು. ವೇದಿಕೆಯಿಂದ ಇಳಿದು ಬಂದವಳು ಪದವಿಪತ್ರವನ್ನು ಅಮ್ಮನ ಮಡಿಲಲ್ಲಿಟ್ಟೆ. ನಾನು ಹುಟ್ಟುವ ಮೊದಲಿನಿಂದಲೂ ಬೀಡಿಯ ಗೆರಸೆ ಕೂತ ಮಡಿಲು ಅದು. ಅಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಆಮೇಲೆಯೇ ಅದನ್ನು ಮುಟ್ಟಿದರು. ಆ ಕ್ಷಣದಿಂದ ಇದನ್ನು ಬರೆಯಬೇಕು ಅನ್ನಿಸುತ್ತಿದೆ.

ಬಿಕಾಂ ಎರಡನೇ ವರ್ಷದವರೆಗೆ ಐಐಎಂ ಸೇರಲು ಬರೆಯುವ ಕ್ಯಾಟ್ ಎಂಬ ಪರೀಕ್ಷೆ ಇರುವುದೇ ನನಗೆ ಗೊತ್ತಿರಲಿಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರ್ಕಾರಿ ಕಾಲೇಜಿನಲ್ಲಿ ನಮಗೆ ಕಾಮರ್ಸ್ ಹೇಳಿಕೊಡುತ್ತಿದ್ದ ಮೇಡಂ ಒಂದು ಮಧ್ಯಾಹ್ನ ನನ್ನನ್ನು ಕರೆದು ಕೂರಿಸಿದರು. "ಐಐಎಂ ಸೀಟಿನಲ್ಲಿ ಪರಿಶಿಷ್ಟ ಜಾತಿಗೆ ನೂರಕ್ಕೆ 15, ಪಂಗಡಕ್ಕೆ 7.5, ಹಿಂದುಳಿದ ವರ್ಗಕ್ಕೆ 27 ಮೀಸಲಿದೆ. ನೀನು ಅರ್ಜಿಯನ್ನೇ ಹಾಕದಿದ್ದರೆ ಅದು ಇದ್ದು ಏನು ಪ್ರಯೋಜನ?" ಎಂದರು.

ಹತ್ತರವರೆಗೆ ಕನ್ನಡ ಮಾಧ್ಯಮ, ಮನೆಯಲ್ಲಿ ತುಳು, ಕಚೇರಿಗಳಲ್ಲಿ ಮಲಯಾಳ. ಕ್ಯಾಟ್ ಇರುವುದು ಇಂಗ್ಲಿಷಿನಲ್ಲಿ ಮಾತ್ರ. ಎರಡು ಗಂಟೆ, ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಲೆಕ್ಕ ನನಗೆ ಹೆದರಿಕೆ ಹುಟ್ಟಿಸಲಿಲ್ಲ, ಇಂಗ್ಲಿಷಿನ ಉದ್ದುದ್ದ ಗದ್ಯ ಹುಟ್ಟಿಸಿತು. ಮೇಡಂ ಒಂದು ದಾರಿ ಹುಡುಕಿದರು: ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಬೇಕು, ಮರುದಿನ ಅದರ ಸಾರ ಅವರಿಗೆ ಕನ್ನಡದಲ್ಲಿ ಹೇಳಬೇಕು. ಇಂಗ್ಲಿಷಿನಲ್ಲೇ ಹೇಳಿದರೆ ಅದೇ ಶಬ್ದಗಳನ್ನು ತಿರುಗಿಸಿ ಮುರುಗಿಸಿ ಪಾರಾಗಬಹುದು. ಕನ್ನಡದಲ್ಲಿ ಹೇಳಹೊರಟಾಗ ಅರ್ಥವಾಗದ್ದು ಗಂಟಲಲ್ಲೇ ನಿಲ್ಲುತ್ತದೆ. ಕೈಕಂಬದಿಂದ ಪೈವಳಿಕೆಯ ಬಸ್ಸಿನಲ್ಲಿ ಎರಡು ವರ್ಷ ನಾನು ಹೀಗೆ ತುಟಿ ಅಲ್ಲಾಡಿಸುತ್ತ ಕೂತದ್ದನ್ನು ಕಂಡವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಮೊದಲ ಸಲ ಆಗಲಿಲ್ಲ. ಎರಡನೆಯ ಸಲ ಆಯಿತು. ಮೇಡಂ, ನಿಮ್ಮ ಋಣ ದೊಡ್ಡದು.

ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಸೆಂಟರಿನ ಅಣ್ಣನನ್ನು ಮರೆಯಲಾರೆ. ಜಾತಿ ಪ್ರಮಾಣಪತ್ರದಲ್ಲಿ ನನ್ನ ಹೆಸರು ಒಂದು ಥರ, ಹತ್ತನೆಯ ಅಂಕಪಟ್ಟಿಯಲ್ಲಿ ಇನ್ನೊಂದು ಥರ ಇತ್ತು. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಬರುವಾಗ ಆದ ತಪ್ಪು. ಒಂದು ಕಚೇರಿಯಲ್ಲಿ ಮೂರು ಸಲ ಹಿಂದೆ ಕಳಿಸಿದರು. ನಾಲ್ಕನೆಯ ಸಲ ಅಣ್ಣ ತನ್ನ ಅಂಗಡಿ ಮುಚ್ಚಿ ನನ್ನ ಜೊತೆ ಬಂದರು, ಮಲಯಾಳದಲ್ಲಿ ಮಾತಾಡಿ ಸರಿಮಾಡಿಸಿದರು.

ಸೀಟು ಸಿಕ್ಕಿದ ಮೇಲೆ ಅದನ್ನು ಉಳಿಸಿಕೊಳ್ಳಲು ಮುಂಗಡ ಕಟ್ಟಬೇಕಿತ್ತು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ಟಾಪ್ ಕ್ಲಾಸ್ ಸ್ಕಾಲರ್‌ಶಿಪ್ ಇದೆ. ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು ಆಯ್ಕೆಯಾದರೆ ಶುಲ್ಕ, ಪುಸ್ತಕ, ಕಂಪ್ಯೂಟರಿಗೂ ಹಣ ಬರುತ್ತದೆ. ನನ್ನ ಓದು ನಡೆದದ್ದೇ ಅದರಿಂದ. ಆದರೆ ಅದು ಕೈಸೇರುವುದು ಸೇರಿದ ಮೇಲೆ, ಮುಂಗಡ ಕೇಳುವುದು ಸೇರುವ ಮೊದಲು. ನನ್ನಂಥ ಎಷ್ಟು ಮಕ್ಕಳು ಈ ನಡುವಿನ ಕೆಲವು ವಾರಗಳಲ್ಲಿ ಸೀಟು ಬಿಟ್ಟಿರಬಹುದು ಎಂದು ಈಗಲೂ ಸಂಕಟವಾಗುತ್ತದೆ. ನನ್ನನ್ನು ದಾಟಿಸಿದ್ದು ಕೇರಳ ಸರ್ಕಾರದ ಕುಟುಂಬಶ್ರೀ ಯೋಜನೆಯಡಿ ನಡೆಯುವ ಅಮ್ಮನ ಅಯಲ್‌ಕೂಟ ಕೊಟ್ಟ ಸಾಲ. ಮಳೆಗಾಲಕ್ಕೆ ಮನೆಯ ಮಾಡು ರಿಪೇರಿ ಮಾಡಿಸಬೇಕೆಂದು ಸಾಲ ಕೇಳಿದ್ದ ಇಬ್ಬರು ಅಕ್ಕಂದಿರು "ನಮ್ಮದು ಆಮೇಲೆ ಆಗಲಿ" ಎಂದು ಸರದಿ ಬಿಟ್ಟುಕೊಟ್ಟರು. ಆ ಮಳೆಗಾಲ ಅವರು ಟಾರ್ಪಲಿನ ಅಡಿಯಲ್ಲಿ ಮಲಗಿದರು. ಅಕ್ಕಾ, ನಿಮ್ಮಿಬ್ಬರ ಹೆಸರು ಇಲ್ಲಿ ಬರೆಯುವುದಿಲ್ಲ, ನಿಮಗೆ ಅದು ಇಷ್ಟವಾಗದು.

ಐಐಎಂನಲ್ಲಿ ಮೊದಲ ತಿಂಗಳು ಒಬ್ಬರು ಕ್ಯಾಟಿನಲ್ಲಿ ನನ್ನ ಪರ್ಸೆಂಟೈಲ್ (ಪರೀಕ್ಷೆ ಬರೆದವರ ನಡುವಿನ ಸ್ಥಾನ) ಕೇಳಿ ಸುಮ್ಮನೆ ತಿರುಗಿಕೊಂಡರು. ನೋವಾಯಿತು. ಆದರೆ ಇಂಜಿನಿಯರಿಂಗ್ ಓದಿ ಬಂದ ಅನೇಕರಿಗೆ ಡೆಬಿಟ್ ಯಾವುದು ಕ್ರೆಡಿಟ್ ಯಾವುದು ಗೊತ್ತಿರಲಿಲ್ಲ. ರಾತ್ರಿ ಅವರಿಗೆ ಅಕೌಂಟ್ಸ್ ಹೇಳಿಕೊಟ್ಟೆ. ವಯನಾಡಿನ ನನ್ನ ರೂಮ್‌ಮೇಟ್ ನನಗೆ ಎಕ್ಸೆಲ್ ಹೇಳಿಕೊಟ್ಟಳು. ಅವಳಿಗೂ ವಂದನೆ.

1913ರಲ್ಲಿ ಬರೋಡಾದ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಅಂಬೇಡ್ಕರರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ಅರ್ಥಶಾಸ್ತ್ರ ಓದಿದರು. ಹಾಸ್ಟೆಲಿನ ಮೇಜಿನ ಮೇಲೆ ಅವರ ಚಿತ್ರ ಇಟ್ಟುಕೊಂಡಿದ್ದೆ, ಈಗ ಅದು ಅಮ್ಮನ ಗೆರಸೆಯ ಪಕ್ಕದ ಗೋಡೆಯಲ್ಲಿದೆ.

ಕೆಲಸಕ್ಕೆ ಸೇರಲು ಇನ್ನೂ ಸಮಯವಿದೆ. ಅಲ್ಲಿಯವರೆಗೆ ಪ್ರತಿ ಆದಿತ್ಯವಾರ ಬೆಳಿಗ್ಗೆ ಊರಿನ ಲೈಬ್ರರಿಯಲ್ಲಿ ಇರುತ್ತೇನೆ. ಕ್ಯಾಟ್ ಇರುವುದು ನವೆಂಬರಿನ ಕೊನೆಗೆ, ಪರಿಶಿಷ್ಟರಿಗೆ ಅರ್ಜಿ ಶುಲ್ಕ ಅರ್ಧ. ಡಿಗ್ರಿ ಓದುತ್ತಿರುವ ತಂಗಿಯರೇ, ತಮ್ಮಂದಿರೇ, ಬರುವಾಗ ಜಾತಿ ಪ್ರಮಾಣಪತ್ರ ಮತ್ತು ಹತ್ತನೆಯ ಅಂಕಪಟ್ಟಿ ತನ್ನಿ. ಹೆಸರು ಎರಡರಲ್ಲೂ ಒಂದೇ ಥರ ಇದೆಯಾ ಅಂತ ಮೊದಲು ನೋಡೋಣ.